ಮನೆಯ ಹೆಸರು
ಐರ್ಲೆಂಡಿನ ತಾಯಿ-ಮಗು ಗೃಹಗಳಲ್ಲಿ ಹದಿಹರೆಯದ ತಾಯಂದಿರು

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎನ್ನುವುದು ಕನ್ನಡನಾಡಿನ ಹಳೆಯ ರೂಢಿ. ತಿಂಗಳು ತುಂಬುವ ಮೊದಲೇ ಮಗಳನ್ನು ಕರೆತರುತ್ತಾರೆ. ಹೆರಿಗೆಯಾದ ಮೇಲೆ ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ತಲೆಗೆ ಬಟ್ಟೆ ಕಟ್ಟಿ ಸಾಂಬ್ರಾಣಿ ಹೊಗೆ ಹಾಕುವುದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವುದು ಎಲ್ಲವೂ ಅಮ್ಮ, ಅಜ್ಜಿ, ಚಿಕ್ಕಮ್ಮಂದಿರ ಪಾಲಿನ ಕೆಲಸ. ಹದಿನಾರು ವರ್ಷದ ಹುಡುಗಿಯೊಬ್ಬಳು ಮದುವೆಯಿಲ್ಲದೆ ಬಸುರಿಯಾಗಿ, ಅದೇ ಕಾರಣಕ್ಕೆ ತವರಿನ ಬಾಗಿಲು ಮುಚ್ಚಿಹೋದರೆ? ಅವಳ ಬಾಣಂತನ ಎಲ್ಲಿ ನಡೆಯುತ್ತದೆ? ಯಾರು ನಡೆಸುತ್ತಾರೆ? ನಡೆಸಿದವರು ಅದಕ್ಕೆ ಪ್ರತಿಯಾಗಿ ಅವಳಿಂದ ಏನನ್ನು ತೆಗೆದುಕೊಳ್ಳುತ್ತಾರೆ?

ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಲೆಕ್ಕ ಸಮೇತ ಬರೆದಿಟ್ಟಿರುವ ದೇಶಗಳು ಹೆಚ್ಚಿಲ್ಲ. ಐರ್ಲೆಂಡ್ ಬರೆದಿಟ್ಟಿದೆ. ಆ ದೇಶ ಸ್ವತಂತ್ರವಾದ 1922ರಿಂದ 1998ರವರೆಗೆ ಮದುವೆಯಾಗದ ತಾಯಂದಿರನ್ನು ಇರಿಸಿಕೊಂಡಿದ್ದ 14 ತಾಯಿ-ಮಗು ಗೃಹಗಳನ್ನೂ 4 ಕೌಂಟಿ ಹೋಮ್‌ಗಳನ್ನೂ ಶೋಧಿಸಲು ಸರ್ಕಾರ 2015ರಲ್ಲಿ ತನಿಖಾ ಆಯೋಗವೊಂದನ್ನು ನೇಮಿಸಿತು. ನ್ಯಾಯಾಧೀಶೆ ಇವಾನ್ ಮರ್ಫಿ ಅದರ ಅಧ್ಯಕ್ಷೆ. 2021ರ ಜನವರಿ 12ರಂದು ಹೊರಬಂದ ಅಂತಿಮ ವರದಿ ಮೂರು ಸಾವಿರ ಪುಟಗಳ ಸಮೀಪದ್ದು. ಅದರ ಪ್ರಕಾರ ಈ 18 ಸಂಸ್ಥೆಗಳ ಹೊಸ್ತಿಲು ದಾಟಿದ ತಾಯಂದಿರು ಸುಮಾರು 56,000, ಮಕ್ಕಳು ಸುಮಾರು 57,000. ಆ ಮಕ್ಕಳಲ್ಲಿ ಸುಮಾರು 9,000 ಕೂಸುಗಳು ತೀರಿಕೊಂಡವು. ವಯಸ್ಸು ದಾಖಲಾಗಿದ್ದ ತಾಯಂದಿರಲ್ಲಿ 5,616 ಮಂದಿ ಹದಿನೆಂಟು ತುಂಬದ ಹುಡುಗಿಯರು, ಅಂದರೆ ಶೇ. 11.4. ಎಲ್ಲರಿಗಿಂತ ಕಿರಿಯವಳಿಗೆ ಹನ್ನೆರಡು ವರ್ಷ.

ಹನ್ನೆರಡು ವರ್ಷದ ಆ ಹುಡುಗಿಯ ಹೆಸರು ವರದಿಯಲ್ಲಿ ಇಲ್ಲ. ಇರಬಾರದು ಕೂಡ. ಆದರೆ ಆ ಗೃಹಗಳಲ್ಲಿ ಹೆಸರು ಇಲ್ಲದಂತಾಗುವುದಕ್ಕೆ ಇನ್ನೊಂದು ಬಗೆಯೂ ಇತ್ತು. ಈ ಉಪನ್ಯಾಸ ಅಲ್ಲಿಂದಲೇ ಹೊರಡುತ್ತದೆ.

ಒಳಗೆ ಬಂದವಳಿಗೆ ಹೊಸ ಹೆಸರು

ಹಲವು ಗೃಹಗಳಲ್ಲಿ ಒಳಬಂದ ಹುಡುಗಿಗೆ ಮೊದಲು ಸಿಗುತ್ತಿದ್ದದ್ದು 'ಹೌಸ್ ನೇಮ್', ಅಂದರೆ ಆ ಮನೆಯ ಮಟ್ಟಿಗೆ ಇಟ್ಟ ಹೆಸರು. ಅಲ್ಲಿರುವಷ್ಟು ದಿನ ಅವಳು ಅದೇ ಹೆಸರಿನವಳು. ಪಕ್ಕದ ಹಾಸಿಗೆಯವಳಿಗೆ ತನ್ನ ನಿಜ ಹೆಸರನ್ನಾಗಲಿ ಊರನ್ನಾಗಲಿ ಹೇಳಬಾರದು. ಹುಡುಗಿಯ ಗುಟ್ಟು ಕಾಪಾಡಲೆಂದೇ ಈ ಏರ್ಪಾಡು ಎಂಬುದು ನಡೆಸುವವರ ಮಾತು. ಹಳ್ಳಿಯಲ್ಲಿ ಸುದ್ದಿ ಹಬ್ಬಿದರೆ ಅಕ್ಕತಂಗಿಯರಿಗೂ ಗಂಡು ಸಿಗದ ಕಾಲ ಅದು, ಆ ಭಯ ಸುಳ್ಳಾಗಿರಲಿಲ್ಲ. ಆದರೂ ಬದುಕುಳಿದವರು ಮುಪ್ಪಿನಲ್ಲಿ ನೆನಪು ಬಿಚ್ಚಿದಾಗ ಮತ್ತೆ ಮತ್ತೆ ಎತ್ತಿದ್ದು ಇದೇ ಮಾತನ್ನು. ಬಟ್ಟೆ ಬದಲಿಸಿದರು, ಹೆಸರು ಬದಲಿಸಿದರು. ಹೊರಬರುವಾಗ ಕೂಸೂ ಕೈಯಲ್ಲಿರಲಿಲ್ಲ.

ಕನ್ನಡದಲ್ಲಿ ಮನೆಯ ಹೆಸರು ಎಂದರೆ ಮನೆತನದ ಹೆಸರು, ಹುಟ್ಟಿದವರಿಗೆಲ್ಲ ತಾನಾಗಿ ಬರುವ ಸೊತ್ತು. ಈ ಮನೆಗಳು ಕೊಟ್ಟ ಹೆಸರು ಅದನ್ನೇ ಅಳಿಸಿಹಾಕಿತು.

ಫಿಲೊಮಿನಾ ಲೀ ಅವರ ಕತೆ ಜಗತ್ತಿಗೇ ಗೊತ್ತು. ಮಾರ್ಟಿನ್ ಸಿಕ್ಸ್‌ಸ್ಮಿತ್ 2009ರಲ್ಲಿ ಅದನ್ನು ಪುಸ್ತಕ ಮಾಡಿದರು, 2013ರಲ್ಲಿ ಜೂಡಿ ಡೆಂಚ್ ಅಭಿನಯದ ಸಿನಿಮಾ ಬಂತು. ಆರು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ ಆಕೆ ಬೆಳೆದದ್ದು ಕ್ರೈಸ್ತ ಸನ್ಯಾಸಿನಿಯರ ವಸತಿ ಶಾಲೆಯಲ್ಲಿ. ಹದಿನೆಂಟಕ್ಕೆ ಹೊರಗೆ ಬಂದಾಗ ಕೂಸು ಹೇಗೆ ಹುಟ್ಟುತ್ತದೆ ಎಂಬುದೂ ಗೊತ್ತಿರಲಿಲ್ಲ. ಲಿಮೆರಿಕ್ ಊರಿನ ಜಾತ್ರೆಯೊಂದರಲ್ಲಿ ತರುಣನೊಬ್ಬನ ಪರಿಚಯವಾಯಿತು. ಬಸಿರು ಕಾಣಿಸಿಕೊಂಡದ್ದೇ ಆಕೆಯನ್ನು ರಾಸ್‌ಕ್ರೇ ಪಟ್ಟಣದ ಶಾನ್ ರಾಸ್ ಅಬ್ಬಿ ಎಂಬ ಗೃಹಕ್ಕೆ ಕಳಿಸಿದರು. ಅಲ್ಲಿ ಆಕೆಯ ಹೆಸರು ಮಾರ್ಸೆಲ್ಲಾ ಆಯಿತು. 1952ರ ಜುಲೈ 5ರಂದು ನೋವು ತಗ್ಗಿಸುವ ಯಾವ ಔಷಧವೂ ಇಲ್ಲದೆ ಹೆರಿಗೆಯಾಯಿತು. ಗಂಡುಮಗು, ಹೆಸರು ಆಂಥೊನಿ.

ನೂರು ಪೌಂಡ್ ಕಟ್ಟಿದವರು ಬೇಗ ಹೊರಡಬಹುದಿತ್ತು, ಕಟ್ಟಲಾಗದವರು ವರ್ಷಗಟ್ಟಲೆ ದುಡಿದು ತೀರಿಸಬೇಕಿತ್ತು ಎಂದು ಫಿಲೊಮಿನಾ ಹೇಳಿದ್ದಾರೆ. ಆಕೆಯ ಪಾಲಿಗೆ ಬಂದದ್ದು ಬಟ್ಟೆ ಒಗೆಯುವ ಕೋಣೆ. ದಿನವೆಲ್ಲ ಹಬೆಯ ನಡುವೆ ಒಗೆತ, ಸಂಜೆ ಸ್ವಲ್ಪ ಹೊತ್ತು ಮಗನ ಜೊತೆ. ಮೂರು ವರ್ಷ ಹೀಗೆ ಕಳೆಯಿತು. ಮಗ ನಡೆಯತೊಡಗಿದ, ಮಾತು ಕಲಿತ, ಅಮ್ಮನನ್ನು ಗುರುತಿಸಿ ಓಡಿಬರುವಷ್ಟಾದ. 1955ರ ಡಿಸೆಂಬರಿನಲ್ಲಿ ಅವನನ್ನು ಕಾರಿನಲ್ಲಿ ಕೂರಿಸಿ ಕರೆದೊಯ್ದರು. ಅಮೆರಿಕದ ದಂಪತಿಗಳಿಗೆ ದತ್ತು. ಮಗನ ಮೇಲಿನ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ, ಮುಂದೆಂದೂ ಅವನನ್ನು ಹುಡುಕಿ ಬರುವುದಿಲ್ಲ ಎಂಬ ಪತ್ರಕ್ಕೆ ತಾಯಿಯ ಸಹಿ ಹಾಕಿಸಿಕೊಂಡಿದ್ದರು.

ಈ ಗೃಹಗಳಿಂದ ಹೊರದೇಶಗಳಿಗೆ ದತ್ತು ಹೋದ ಮಕ್ಕಳು 1,638 ಎಂದು ಆಯೋಗ ಲೆಕ್ಕ ಕೊಡುತ್ತದೆ. ಬಹುಪಾಲು ಅಮೆರಿಕಕ್ಕೆ.

ಬೇಸಿನ್ನು, ಒರೆಸುವ ಬಟ್ಟೆ, ಕೂಸು

ಒಂದು ದಿನದ ಚಿತ್ರ ಕಣ್ಣ ಮುಂದಿರಲಿ. ಬೆಳಗ್ಗೆ ಪ್ರಾರ್ಥನೆ. ಆಮೇಲೆ ಮೊಣಕಾಲೂರಿ ಉದ್ದನೆಯ ಪಡಸಾಲೆಯ ನೆಲ ಉಜ್ಜಿ ಹೊಳಪು ತರುವುದು, ಅಡುಗೆಮನೆ, ಒಗೆತ, ತೋಟ. ಹಾಲೂಡಿಸಲು ಗಂಟೆ ಹೊಡೆದಾಗ ಕೂಸುಗಳ ಕೋಣೆಗೆ ಹೋಗಬೇಕು, ಮತ್ತೆ ಗಂಟೆಯಾದರೆ ಎದ್ದು ಬರಬೇಕು. ಎದೆಹಾಲಿಗೆ ಗಡಿಯಾರ ಕಟ್ಟಿದ ಬದುಕು ಅದು. ಹಳೆಯ ಗಂಜಿಕೇಂದ್ರ-ದುಡಿಮೆಮನೆಗಳ ಕಟ್ಟಡಗಳಲ್ಲೇ ನಡೆಯುತ್ತಿದ್ದ ಕೌಂಟಿ ಹೋಮ್‌ಗಳಲ್ಲಿ ಇನ್ನೂ ಕಷ್ಟ. ಮುದುಕರು, ರೋಗಿಗಳು, ಬುದ್ಧಿಮಾಂದ್ಯರು ಎಲ್ಲರೂ ಒಂದೇ ಸೂರಿನಡಿ, ಅವರೆಲ್ಲರ ಹೊಲಸು ಬಟ್ಟೆ ಒಗೆಯುತ್ತಿದ್ದವರು ಕೂಲಿಯಿಲ್ಲದ ಈ ತಾಯಂದಿರು.

ಹುಡುಗಿಯರು ಇಷ್ಟು ಶ್ರಮಪಟ್ಟರೂ ಕೂಸುಗಳು ಉಳಿಯಲಿಲ್ಲ. 1945-46ರ ಸುಮಾರಿಗೆ ಈ ಗೃಹಗಳ ಶಿಶುಮರಣ ಹೊರಗಿನ ಅವಿವಾಹಿತ ತಾಯಂದಿರ ಮಕ್ಕಳ ಮರಣಕ್ಕಿಂತಲೂ ಹೆಚ್ಚುಕಡಿಮೆ ಎರಡು ಪಟ್ಟಿತ್ತು. ಕಾರ್ಕ್ ನಗರದ ಬೆಸ್‌ಬರೊ ಗೃಹದಲ್ಲಿ 1943ರಲ್ಲಿ ಹುಟ್ಟಿದ ಅಥವಾ ಸೇರಿದ ಕೂಸುಗಳಲ್ಲಿ ನಾಲ್ಕರಲ್ಲಿ ಮೂರು ಸತ್ತವು. ಆಗ ದೇಶದ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಡಾಕ್ಟರ್ ಜೇಮ್ಸ್ ಡೀನಿ ಅಲ್ಲಿಗೆ ಹೋದರು. ಹೊಳೆಯುವ ನೆಲ, ಇಸ್ತ್ರಿ ಮಾಡಿದ ಹಾಸು, ಎಲ್ಲಿಯೂ ಕೊಳೆ ಕಾಣಲಿಲ್ಲ. ಕೂಸುಗಳ ಬಟ್ಟೆ ಬಿಚ್ಚಿಸಿ ನೋಡಿದಾಗ ಚರ್ಮದ ಸೋಂಕು, ಮುಚ್ಚಿಟ್ಟ ಭೇದಿ ಕಣ್ಣಿಗೆ ಬಿದ್ದವು. ಅವರು ಗೃಹವನ್ನು ಕೆಲಕಾಲ ಮುಚ್ಚಿಸಿದರು. ಬೆಸ್‌ಬರೊದಲ್ಲಿ ಒಟ್ಟು ಒಂಬೈನೂರಕ್ಕೂ ಹೆಚ್ಚು ಮಕ್ಕಳು ಸತ್ತರು, ಅವರಲ್ಲಿ ಹೂತ ಜಾಗ ಗೊತ್ತಾಗಿರುವುದು 64 ಕೂಸುಗಳದು ಮಾತ್ರ.

ಹೊಳೆಯುವ ಆ ನೆಲವನ್ನು ಉಜ್ಜಿದ್ದು ಅದೇ ಕೂಸುಗಳ ತಾಯಂದಿರು. ತನಿಖಾಧಿಕಾರಿಗೆ ಮೊದಲು ಕಂಡದ್ದು ಅವರ ದುಡಿಮೆ, ಆಮೇಲೆ ಕಂಡದ್ದು ಅವರ ಮಕ್ಕಳು. ಈ ಕ್ರಮವೇ ಆ ಮನೆಗಳ ಸ್ವಭಾವವನ್ನು ಹೇಳುತ್ತದೆ.

ಬೇರೆ ದಾರಿಯೇ ಇರಲಿಲ್ಲವೆ ಎಂದು ಕೇಳುವವರಿಗೆ ಡಬ್ಲಿನ್ನಿನಲ್ಲೇ ಒಂದು ಉದಾಹರಣೆ ಇದೆ. 1930ರಲ್ಲಿ ಲೀಜನ್ ಆಫ್ ಮೇರಿ ಎಂಬ ಕ್ಯಾಥೊಲಿಕ್ ಶ್ರದ್ಧಾವಂತರ ಸಂಘ ಅಲ್ಲಿ ರೆಜೀನಾ ಚೇಲಿ ಎಂಬ ವಸತಿನಿಲಯ ತೆರೆಯಿತು. ಅಲ್ಲಿ ತಾಯಿಗೆ ಮಗುವನ್ನು ತನ್ನ ಜೊತೆ ಇಟ್ಟುಕೊಳ್ಳಲು ನೆರವಿತ್ತು. ಕೆಲವರು ಹೊರಗೆ ಕೆಲಸಕ್ಕೆ ಹೋಗುವುದು, ಉಳಿದವರು ಅವರ ಮಕ್ಕಳನ್ನೂ ನೋಡಿಕೊಳ್ಳುವುದು ಪದ್ಧತಿ. ಬಡತನದ ಜಾಗ ಅದು, ಮೊದಲ ದಶಕಗಳಲ್ಲಿ ಅಲ್ಲಿಯೂ ಬಹಳ ಕೂಸುಗಳು ಸತ್ತವು. ಆದರೂ ಅದೇ ದೇಶ, ಅದೇ ಧರ್ಮ, ಅದೇ ಕಾಲದಲ್ಲಿ ತಾಯಿ-ಮಗು ಒಟ್ಟಿಗೆ ಇರಬಹುದು ಎಂದು ಅದು ತೋರಿಸಿಕೊಟ್ಟಿತು. ನೋಡಿದವರು ಬೇಕಷ್ಟು ಜನ, ಅನುಸರಿಸಿದವರು ಇಲ್ಲವೆನ್ನುವಷ್ಟು ಕಡಿಮೆ.

ಕೇಳದೆ ಬಿಟ್ಟ ಪ್ರಶ್ನೆ

ಹದಿನಾಲ್ಕು, ಹದಿನೈದರ ಹುಡುಗಿ ಬಸುರಿಯಾಗಿ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು ಎಂಬುದು ಎಲ್ಲರಿಗೂ ಗೊತ್ತು. ಐರ್ಲೆಂಡಿನಲ್ಲಿ 1935ರ ಕಾಯ್ದೆಯೇ ಹದಿನೇಳು ತುಂಬದ ಹುಡುಗಿಯ ಜೊತೆಗಿನ ದೇಹಸಂಬಂಧವನ್ನು ಅಪರಾಧ ಎಂದಿತ್ತು. ಹಾಗಾದರೆ ಗೃಹದ ದಾಖಲೆ ಪುಸ್ತಕದಲ್ಲಿ ಹದಿನೇಳಕ್ಕಿಂತ ಕಡಿಮೆ ವಯಸ್ಸು ಬರೆದ ಪ್ರತಿ ಸಾಲೂ ಒಂದು ಅಪರಾಧದ ಸುಳಿವು. ಪೊಲೀಸರಿಗೆ ಇದನ್ನು ತಪ್ಪದೆ ತಿಳಿಸುತ್ತಿದ್ದರು ಎನ್ನಲು ಆಯೋಗಕ್ಕೆ ಆಧಾರ ಸಿಗಲಿಲ್ಲ. ಕೆಲವು ಬಸಿರುಗಳು ಅತ್ಯಾಚಾರದವು, ಕೆಲವು ಮನೆಯವರಿಂದಲೇ ಆದವು. ಗಂಡಸರು ತಮ್ಮ ಹೆಸರಿನಲ್ಲೇ ಊರಿನಲ್ಲಿ ಓಡಾಡಿಕೊಂಡಿದ್ದರು. ಹೆಸರು ಬದಲಿಸಿಕೊಂಡವಳು ಹುಡುಗಿ.

ಕೇಳದೆ ಬಿಟ್ಟ ಎರಡನೆಯ ಪ್ರಶ್ನೆ ಕೂಸಿನ ಬಗೆಗಿನದು. ಅದನ್ನು ಏನು ಮಾಡಬೇಕೆಂದು ನಿನಗನ್ನಿಸುತ್ತದೆ? 1952ರ ದತ್ತು ಕಾಯ್ದೆ ತಾಯಿಯ ಒಪ್ಪಿಗೆ ಬೇಕು ಎಂದಿತು. ಒಪ್ಪಿಗೆಯೇನೋ ಕಾಗದದ ಮೇಲಿದೆ. ಆದರೆ ಕೈಯಲ್ಲಿ ಕಾಸಿಲ್ಲ, ಹೋಗಲು ಮನೆಯಿಲ್ಲ, ಕೂಸಿನೊಡನೆ ಬಾಡಿಗೆ ಕೋಣೆ ಸಿಗುವುದಿಲ್ಲ, ಸರ್ಕಾರದಿಂದ ಬಿಡಿಗಾಸೂ ಇಲ್ಲ. ಹೀಗಿರುವ ಹದಿನೇಳರ ಹುಡುಗಿ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಬಹುದೆ? 1967ರಲ್ಲಿ ದತ್ತು ಆದೇಶಗಳ ಸಂಖ್ಯೆ ಮದುವೆಯಾಚೆಗೆ ಹುಟ್ಟಿದ ಮಕ್ಕಳ ಸಂಖ್ಯೆಯ ಶೇ. 97ರಷ್ಟಿತ್ತು. 1972ರಲ್ಲಿ ಒಂಟಿ ತಾಯಂದಿರೇ ಸೇರಿ ಚೆರಿಶ್ ಎಂಬ ಸಂಘ ಕಟ್ಟಿದರು. ಮುಂದೆ ದೇಶದ ರಾಷ್ಟ್ರಪತಿಯಾದ ಮೇರಿ ರಾಬಿನ್ಸನ್ ಅದರ ಅಧ್ಯಕ್ಷೆ. 1973ರಲ್ಲಿ ಅವಿವಾಹಿತ ತಾಯಂದಿರಿಗೆ ಸರ್ಕಾರಿ ಭತ್ಯೆ ಶುರುವಾಯಿತು. ಆಮೇಲೆ ದತ್ತು ಕೊಡುವವರ ಪ್ರಮಾಣ ಇಳಿಯುತ್ತ ಹೋಯಿತು, ಗೃಹಗಳು ಒಂದೊಂದಾಗಿ ಬಿಕೋ ಎಂದವು. ಭತ್ಯೆಯೊಂದು ಬಂದದ್ದೇ ಸಾವಿರಾರು ಹುಡುಗಿಯರು ಮಗುವನ್ನು ಇಟ್ಟುಕೊಂಡರು ಎಂದರೆ, ಮೊದಲಿನ ಸಾವಿರಾರು ಸಹಿಗಳ ಹಿಂದೆ ಏನಿತ್ತು ಎಂಬುದು ತಾನಾಗಿ ತಿಳಿಯುತ್ತದೆ.

ಗೃಹದ ಹೆಸರು ಕೇಳಿದರೇ ನಡುಗುವ ಹುಡುಗಿಯರು ಬಸಿರನ್ನು ಯಾರಿಗೂ ಹೇಳದೆ ಉಳಿದದ್ದೂ ಉಂಟು. ಗ್ರಾನಾರ್ಡ್ ಎಂಬ ಸಣ್ಣ ಊರಿನ ಹದಿನೈದರ ಆನ್ ಲವೆಟ್ 1984ರ ಜನವರಿ 31ರಂದು ಕನ್ಯಾಮರಿಯ ಗವಿಗುಡಿಯ ಬಳಿ ಚಳಿಮಳೆಯಲ್ಲಿ ಒಬ್ಬಳೇ ಹೆತ್ತಳು. ಕೂಸು ಅಲ್ಲೇ ಸತ್ತಿತ್ತು, ಅವಳು ಕೆಲವು ಗಂಟೆಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಫೆಬ್ರವರಿಯಲ್ಲಿ ಗೇ ಬರ್ನ್ ಅವರ ಬಾನುಲಿ ಕಾರ್ಯಕ್ರಮಕ್ಕೆ ದೇಶದ ಮೂಲೆಮೂಲೆಯಿಂದ ಹೆಂಗಸರ ಕಾಗದಗಳು ಬಂದು ಬಿದ್ದವು. ಕೊಟ್ಟಿಗೆಯಲ್ಲಿ, ಬಚ್ಚಲಲ್ಲಿ, ಗೃಹಗಳಲ್ಲಿ ತಾವು ಹೆತ್ತ ಕತೆ. ಗಂಡ-ಮಕ್ಕಳಿಗೂ ಹೇಳದ ಕತೆ. ಕಾರ್ಯಕ್ರಮದ ಸಮಯವನ್ನೆಲ್ಲ ಆ ಕಾಗದಗಳನ್ನು ಓದುವುದಕ್ಕೇ ಕೊಟ್ಟರು.

ಟ್ಯೂಮ್, ಗಾಲ್ವೇ, ಬೆಳಗಾವಿ

ಗಾಲ್ವೇ ಕೌಂಟಿಯ ಟ್ಯೂಮ್ ಪಟ್ಟಣದಲ್ಲಿ 1925ರಿಂದ 1961ರವರೆಗೆ ಒಂದು ಗೃಹವಿತ್ತು. ಎತ್ತರದ ಗೋಡೆ, ಒಳಗೆ ಬಾನ್ ಸಕೂರ್ ಸನ್ಯಾಸಿನಿಯರ ಆಡಳಿತ. ಹೆತ್ತ ಹುಡುಗಿ ಒಂದು ವರ್ಷ ಅಲ್ಲಿ ಕೂಲಿಯಿಲ್ಲದೆ ದುಡಿದು, ಮಗುವನ್ನು ಬಿಟ್ಟು ಹೊರಡಬೇಕು. ಅದೇ ಊರಿನ ಸುತ್ತ ಬೆಳೆದ ಕ್ಯಾಥರಿನ್ ಕಾರ್ಲೆಸ್ ಚಿಕ್ಕಂದಿನಲ್ಲಿ ಗೃಹದ ಹುಡುಗಿಯೊಬ್ಬಳಿಗೆ ಖಾಲಿ ಮಿಠಾಯಿ ಕಾಗದ ಸುತ್ತಿ ಕೊಟ್ಟು ನಕ್ಕಿದ್ದರು. ಆ ನಗು ಅವರನ್ನು ಬಿಡಲಿಲ್ಲ. ನಡುವಯಸ್ಸಿನಲ್ಲಿ ಹಳೆಯ ಕಡತಗಳ ಬೆನ್ನು ಹತ್ತಿ ಒಂದೊಂದೇ ಮರಣ ಪ್ರಮಾಣಪತ್ರ ತರಿಸಿದರು. 796 ಮಕ್ಕಳು ಸತ್ತಿದ್ದರು, ಹೂತ ಸ್ಥಳದ ದಾಖಲೆ ಇರಲಿಲ್ಲ. 2012ರಲ್ಲಿ ಅವರು ಬರೆದ ಲೇಖನ ಊರಿನ ಇತಿಹಾಸ ಸಂಘದ ಪತ್ರಿಕೆಯಲ್ಲಿ ಬಂತು. 2017ರ ಮಾರ್ಚಿನಲ್ಲಿ ಆಯೋಗ ನೆಲದಡಿಯ ಕೋಣೆಗಳಲ್ಲಿ ಮಕ್ಕಳ ಅವಶೇಷಗಳಿವೆ ಎಂದು ದೃಢಪಡಿಸಿತು. 2025ರ ಜುಲೈಯಲ್ಲಿ ಪೂರ್ಣ ಉತ್ಖನನ ಶುರುವಾಯಿತು.

ಅದೇ 2012ರ ಅಕ್ಟೋಬರಿನಲ್ಲಿ, ಟ್ಯೂಮ್‌ನಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿಯ ಗಾಲ್ವೇ ನಗರದ ಆಸ್ಪತ್ರೆಯಲ್ಲಿ, ಬೆಳಗಾವಿಯ ಮಗಳು ದಂತವೈದ್ಯೆ ಸವಿತಾ ಹಾಲಪ್ಪನವರ ತೀರಿಕೊಂಡರು. ಮೂವತ್ತೊಂದು ವರ್ಷ, ಹದಿನೇಳು ವಾರದ ಬಸಿರು. ಉಳಿಯದ ಬಸಿರನ್ನು ತೆಗೆಯಿರಿ ಎಂದು ಆಕೆ ಕೇಳಿದ್ದರು. ಭ್ರೂಣದ ಎದೆಬಡಿತ ಇರುವವರೆಗೆ ಆಗದು ಎಂದರು. ಸವಿತಾ ಹದಿಹರೆಯದವರಲ್ಲ, ಯಾವ ಗೃಹದಲ್ಲೂ ಇದ್ದವರಲ್ಲ. ಆದರೆ ಬಸುರಿ ಹೆಂಗಸಿನ ಮಾತು ಅವಳ ಮೈಯ ಬಗೆಗಿನ ತೀರ್ಮಾನದಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂಬ ಪದ್ಧತಿ ಗೃಹಗಳ ಜೊತೆ ಮುಚ್ಚಿಹೋಗಿರಲಿಲ್ಲ. 1983ರಲ್ಲಿ ಸಂವಿಧಾನಕ್ಕೆ ಸೇರಿದ ಎಂಟನೆಯ ತಿದ್ದುಪಡಿಯಲ್ಲಿ ಅದು ಉಳಿದುಕೊಂಡಿತ್ತು. 2018ರ ಮೇ 25ರ ಜನಮತದಲ್ಲಿ ಶೇ. 66.4 ಜನ ಆ ತಿದ್ದುಪಡಿಯನ್ನು ತೆಗೆದುಹಾಕಿದರು. ಆ ದಿನಗಳಲ್ಲಿ ಡಬ್ಲಿನ್ನಿನ ಗೋಡೆಯ ಮೇಲೆ ಬೆಳಗಾವಿಯ ಆ ಮಗಳ ಚಿತ್ರವಿತ್ತು.

ಇಲ್ಲಿಯ ಬಾಲಮಂದಿರ

ಈ ಕತೆಯನ್ನು ದೂರದ ದೇಶದ್ದೆಂದು ಕೇಳಿ ಎದ್ದುಹೋಗಲು ಕರ್ನಾಟಕಕ್ಕೆ ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ರಾಜ್ಯದಲ್ಲಿ 15ರಿಂದ 19ರ ನಡುವಿನ ಹುಡುಗಿಯರಲ್ಲಿ ಶೇ. 5.4 ಮಂದಿ ಆಗಲೇ ತಾಯಂದಿರು ಅಥವಾ ಬಸುರಿಯರಾಗಿದ್ದರು. 20ರಿಂದ 24ರ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಇವರಲ್ಲಿ ಕೆಲವರು ಮನೆಯವರು ಕೈಬಿಟ್ಟೋ, ಮನೆಯೇ ಅಪಾಯವಾಗಿಯೋ, ಮಕ್ಕಳ ಕಲ್ಯಾಣ ಸಮಿತಿಯ ಆದೇಶದಿಂದಲೋ ಬಾಲಕಿಯರ ಬಾಲಮಂದಿರಗಳಿಗೆ ಬರುತ್ತಾರೆ.

ಇಲ್ಲಿಯ ಕಾನೂನು ಐರ್ಲೆಂಡಿನ ಅಂದಿನ ಕಾನೂನಿಗಿಂತ ಬಹಳ ಮುಂದಿದೆ ಎಂದು ಸಂತೋಷದಿಂದ ಹೇಳಬಹುದು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯಡಿ ಅಪರಾಧವನ್ನು ಮುಚ್ಚಿಡುವಂತಿಲ್ಲ. ಕೂಸನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 2015ರ ಬಾಲನ್ಯಾಯ ಕಾಯ್ದೆ ಎರಡು ತಿಂಗಳ ಕಾಲಾವಕಾಶ ಕೊಡುತ್ತದೆ. ಫಿಲೊಮಿನಾ ಅವರಿಗೆ ಅಂಥ ಅವಕಾಶ ಇರಲಿಲ್ಲ. ಅತ್ಯಾಚಾರದಿಂದ ಬಸುರಿಯಾದ ಅಪ್ರಾಪ್ತ ಹುಡುಗಿಯರ ವಸತಿ, ಆರೈಕೆ, ಓದಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ನಿರ್ಭಯಾ ನಿಧಿಯಿಂದ 74.10 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದೆ.

ಆದರೆ ಐರ್ಲೆಂಡಿನಲ್ಲಿ ದೂರು ಕೊಡದೆ ಹುಡುಗಿಯ ಮಾತನ್ನು ಅಡಗಿಸಿದರು. ಇಲ್ಲಿ ಕಡ್ಡಾಯ ದೂರಿನ ಗಡಿಬಿಡಿಯಲ್ಲಿ ಅದೇ ಮಾತು ಕಳೆದುಹೋಗಬಹುದು. ಮೆಚ್ಚಿದ ಹುಡುಗನ ಜೊತೆ ಹೋದ ಹದಿನೇಳರ ಹುಡುಗಿಯೂ, ಮನೆಯವನಿಂದಲೇ ಅತ್ಯಾಚಾರಕ್ಕೆ ಒಳಗಾದ ಹನ್ನೆರಡರ ಹುಡುಗಿಯೂ ಒಂದೇ ನಮೂನೆಯ ಕಡತದೊಳಗೆ ಸೇರುತ್ತಾರೆ. ಪೊಲೀಸ್ ದೂರಿನ ಭಯಕ್ಕೆ ಹುಡುಗಿಯರು ವೈದ್ಯರ ಬಳಿಗೇ ಹೋಗದಿರುವುದನ್ನು ಕಂಡು, ಗರ್ಭಪಾತ ಕೋರುವ ಅಪ್ರಾಪ್ತೆ ಬಯಸಿದರೆ ಅವಳ ಹೆಸರನ್ನು ವೈದ್ಯರು ಪೊಲೀಸರಿಗೆ ಕೊಡಬೇಕಿಲ್ಲ ಎಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲಿ ಹೆಸರನ್ನು ಮುಚ್ಚಿಡುವುದು ಹುಡುಗಿಯ ಕೈಯಲ್ಲಿದೆ. ಶಾನ್ ರಾಸ್‌ನಲ್ಲಿ ಅದು ಬೇರೆಯವರ ಕೈಯಲ್ಲಿತ್ತು. ಎರಡು ಗುಟ್ಟುಗಳ ನಡುವಿನ ಅಂತರ ಅಷ್ಟು.

ಬಾಲಮಂದಿರ ನಡೆಸುವವರು, ಸಮಿತಿಯ ಸದಸ್ಯರು, ಆಪ್ತಸಮಾಲೋಚಕರು ಇಂದಿನಿಂದಲೇ ಮಾಡಬಹುದಾದ ಕೆಲಸಗಳಿವೆ. ಹೆರಿಗೆ ಕೋಣೆಯಲ್ಲಿ ಹುಡುಗಿ ಬಯಸಿದ ಒಬ್ಬ ಹೆಂಗಸು ಪಕ್ಕದಲ್ಲಿರಲಿ, ಅಮ್ಮನೋ ಅಕ್ಕನೋ ಆಯಾನೋ. ಹಾಲೂಡಿಸುವ ಹೊತ್ತನ್ನು ಗಂಟೆ ನಿರ್ಧರಿಸದಿರಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಬೇಕೆನ್ನುವವಳ ಕೂಸನ್ನು ಆ ಮೂರು ಗಂಟೆ ಯಾರು ಎತ್ತಿಕೊಳ್ಳುತ್ತಾರೆ ಎಂಬುದು ಮೊದಲೇ ಗೊತ್ತಾಗಿರಲಿ. ಕೂಸನ್ನು ಇಟ್ಟುಕೊಂಡರೆ ತಿಂಗಳಿಗೆ ಏನು ನೆರವು ಸಿಗುತ್ತದೆ, ಒಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ಸಹಿಗೆ ಮುಂಚೆ ಅವಳಿಗೆ ತಿಳಿಯುವ ಮಾತಿನಲ್ಲಿ, ಅವಳ ಊರಿನ ಕನ್ನಡದಲ್ಲಿ, ಒಂದಕ್ಕೆರಡು ಸಲ ಹೇಳಲಿ. ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದಿಡಲಿ.

ವರದಿ ಬಂದ ಮೇಲೆ

2021ರ ಜನವರಿ 13ರಂದು ಐರ್ಲೆಂಡಿನ ಪ್ರಧಾನಿ ಮೀಹೊಲ್ ಮಾರ್ಟಿನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2022ರ ಅಕ್ಟೋಬರಿನಿಂದ ದತ್ತು ಹೋದವರು ತಮ್ಮ ಜನನ ದಾಖಲೆಯನ್ನು, ಹೆತ್ತವಳ ಹೆಸರನ್ನು ಪಡೆಯಲು ಕಾನೂನು ದಾರಿ ತೆರೆಯಿತು. 2024ರ ಮಾರ್ಚಿನಲ್ಲಿ ಪರಿಹಾರ ಯೋಜನೆ ಶುರುವಾಯಿತು. ಆದರೆ ಕೂಸಾಗಿ ಆರು ತಿಂಗಳಿಗಿಂತ ಕಡಿಮೆ ಅವಧಿ ಅಲ್ಲಿದ್ದವರಿಗೆ ಆ ಹಣ ಇಲ್ಲ ಎಂಬ ನಿಯಮ ಸಾವಿರಾರು ಜನರನ್ನು ನೋಯಿಸಿತು.

ವರದಿಯೇ ಹೊಸ ನೋವನ್ನೂ ತಂದಿತ್ತು. ಆಯೋಗದ ಗೋಪ್ಯ ಸಮಿತಿಯ ಮುಂದೆ ಸುಮಾರು 550 ಮಂದಿ ಮಾತಾಡಿದ್ದರು. ಅವರ ಧ್ವನಿಮುದ್ರಿಕೆಗಳನ್ನು ಅಳಿಸಿಹಾಕಿದ್ದು ಬಯಲಾಯಿತು. ಬಳಿಕ ಅವನ್ನು ಬೇರೊಂದು ಪ್ರತಿಯಿಂದ ಮರಳಿ ಪಡೆದರು. ಬಲವಂತದ ದತ್ತುವಿಗೆ ಹೆಚ್ಚಿನ ಆಧಾರವಿಲ್ಲ ಎಂದು ವರದಿ ಬರೆದದ್ದನ್ನು ಓದಿ, ತಾವು ಹೇಳಿದ್ದೇ ಬೇರೆ ಎಂದರು ತಾಯಂದಿರು. ಗೃಹ ಕೇಳಲಿಲ್ಲ, ಕಾನೂನು ಕೇಳಲಿಲ್ಲ, ಕೇಳಲೆಂದೇ ನೇಮಕವಾದ ಆಯೋಗವೂ ಪೂರ್ತಿ ಕೇಳಲಿಲ್ಲ.

ಅಮೆರಿಕಕ್ಕೆ ಹೋದ ಆಂಥೊನಿ ಅಲ್ಲಿ ಮೈಕೆಲ್ ಹೆಸ್ ಆಗಿ, ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿಯ ಮುಖ್ಯ ವಕೀಲನ ಸ್ಥಾನಕ್ಕೆ ಏರಿದ್ದ. ತಾಯಿಯನ್ನು ಹುಡುಕಿಕೊಂಡು ರಾಸ್‌ಕ್ರೇಗೆ ಬಂದು ಬರಿಗೈಯಲ್ಲಿ ಮರಳಿದ್ದ. ತಾಯಿಯೂ ಬೇರೆ ವರ್ಷಗಳಲ್ಲಿ ಅದೇ ಬಾಗಿಲು ತಟ್ಟಿದ್ದರು. 1995ರಲ್ಲಿ ಏಡ್ಸ್‌ನಿಂದ ತೀರಿಕೊಂಡ ಮಗನನ್ನು ಅವನ ಇಚ್ಛೆಯಂತೆ ಶಾನ್ ರಾಸ್ ಆವರಣದಲ್ಲೇ ಹೂತರು, ಅಮ್ಮ ಎಂದಾದರೂ ಅಲ್ಲಿಗೆ ಬಂದಾಳು ಎಂದು. ಅಮ್ಮ ಬಂದರು, ಅವನು ಸತ್ತ ಹಲವು ವರ್ಷಗಳ ಮೇಲೆ.

ವರದಿಯ ಕರಡನ್ನು ತಮಗೆ ಮೊದಲೇ ತೋರಿಸಿ ಉತ್ತರಿಸಲು ಬಿಡಲಿಲ್ಲ ಎಂದು ಎಂಟು ಮಂದಿ ಡಬ್ಲಿನ್ನಿನ ಹೈಕೋರ್ಟಿಗೆ ಹೋದರು. ಅವರಲ್ಲಿ ಎಂಬತ್ತೆಂಟು ವರ್ಷದ ಒಬ್ಬರಿದ್ದರು. 2021ರ ಡಿಸೆಂಬರ್ 17ರಂದು, ಅವರ ಹಕ್ಕಿಗೆ ಚ್ಯುತಿಯಾದದ್ದು ನಿಜ ಎಂದು ಸರ್ಕಾರ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಆ ದಾವೆಯ ಕಾಗದಗಳಲ್ಲಿ ಅರ್ಜಿದಾರರ ಜಾಗದಲ್ಲಿರುವ ಹೆಸರು ಮಾರ್ಸೆಲ್ಲಾ ಅಲ್ಲ. ಫಿಲೊಮಿನಾ ಲೀ.